ನಲವತ್ತೆರಡು ಮಿಲಿಮೀಟರು

ಗ್ಯುಮ್ರಿಯ ಡಿಸೆಂಬರಿನಲ್ಲಿ ಸ್ಕ್ರೂ ಕೂಡ ಬೆರಳಿಗೆ ಅಂಟುತ್ತದೆ.
ಮೊದಲು ಒಲೆ, ಆಮೇಲೆ ಕೈ ಕಾಯಿಸುವುದು, ಆಮೇಲೆ ಅಂಗಡಿಯ ಬಾಗಿಲು.
ಅಂಗಡಿ ಅಂದರೆ ಕಬ್ಬಿಣದ ಡಬ್ಬಿ. ಭೂಕಂಪದ ಮರುವರ್ಷ
ರೈಲಿನಲ್ಲಿ ಬಂದದ್ದು, ಎರಡು ವರ್ಷದ ಮಟ್ಟಿಗೆ ಅಂತ.
ಇಪ್ಪತ್ತೊಂದು ವರ್ಷ ಇದರಲ್ಲೇ ನಾವು ಐದು ಜನ.
ಈಗ ಬೋರ್ಡು ಹಾಕಿದ್ದೇನೆ: ತಾತೆವಿಕ್, ಕಂಪ್ಯೂಟರ್ ರಿಪೇರಿ.

ಹಮಾಯಕ್ ಬಂದರು. ಪಿಯಾನೋ ಶ್ರುತಿ ಮಾಡುವವರು.
ಕೋಟಿನೊಳಗಿಂದ ಲ್ಯಾಪ್‌ಟಾಪು ತೆಗೆದು
"ತುಂಬಿಹೋಗಿದೆ," ಅಂದರು. "ಎಂಟುನೂರು ಪಿಯಾನೋ.
ಶ್ರುತಿಗೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ."

ಮುಂಚಿನದನ್ನು ಅಳಿಸಿಬಿಡಿ, ಅರ್ಧ ಜಾಗ ಸಿಗುತ್ತೆ, ಅಂದೆ.

"ಮುಂಚಿನದೇ ಬೇಕಾದ್ದು, ಮಗಳೇ.
ಆದಮೇಲೆ ಎಲ್ಲವೂ ಒಂದೇ ಥರ."

ಯೆರೆವಾನಿನಿಂದ ತಂದ ಪೊಟ್ಟಣ ಬಿಚ್ಚಿದರು.
ಹಸಿರು ಕಡ್ಡಿ, ಒಂದು ಟೆರಾಬೈಟು, ರಸೀದಿ ಇಲ್ಲ.
"ಯಾವುದಕ್ಕಾದರೂ ಆಗುತ್ತೆ ಅಂದ ಅಂಗಡಿ ಹುಡುಗ."

ಯಾವುದಕ್ಕಾದರೂ ಆಗುವುದು ನೀರು ಮಾತ್ರ.

ತಳ ಬಿಚ್ಚಿದೆ. ಒಂಬತ್ತು ಸ್ಕ್ರೂ, ಹತ್ತನೆಯದು ರಬ್ಬರಿನಡಿ.
ಹಳೆಯ ಡಿಸ್ಕು ತನ್ನ ಗೂಡಿನಲ್ಲಿ ಕೆಮ್ಮುತ್ತ ಕೂತಿದೆ.
ಅದನ್ನು ಕೀಳುವುದು ಬೇಡ ಅಂದರು, ಕಂತಿಗೆ ಕೊಂಡದ್ದಂತೆ.
ಫ್ಯಾನಿನ ಪಕ್ಕ, ಧೂಳು ಊದಿದರೆ, ಒಂದು ಖಾಲಿ ಬಾಯಿ.
ಸ್ಕೇಲು ಹಿಡಿದೆ. ಬಾಯಿಂದ ಸ್ಕ್ರೂ ಕೂರುವ ಗುಂಡಿಗೆ ನಲವತ್ತೆರಡು.
ಅವರ ಕಡ್ಡಿ ಎಂಬತ್ತು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಸುಲಭ,
ಈ ಕಾಲು ಮಡಿಸಲು ಬರುವುದಿಲ್ಲ.
ಸಾಲದ್ದಕ್ಕೆ ಇದರ ಕಚ್ಚು ಒಂದೇ, ಅದೂ ಬಲಕ್ಕೆ;
ಬಾಯೊಳಗಿನ ಹಲ್ಲು ಎಡಕ್ಕೆ.

"ಹಾಗಾದರೆ ಆ ತೂತು ಯಾತಕ್ಕೆ?"
ಮೋಡೆಮಿಗೆ. ಸಿಮ್ ಹಾಕಿ, ದಾರಿಯಲ್ಲಿದ್ದಾಗ ಮಾತಾಡಲಿ ಅಂತ.
"ಹಾಕಿಸಲೇ ಇಲ್ಲ," ಅಂದರು. "ನಾನು ಮಾತು ಕಡಿಮೆ."

ನನ್ನ ಡ್ರಾಯರಿನಲ್ಲಿ ಒಂದು ಮೋಟು ಕಡ್ಡಿ ಇತ್ತು,
ಯಾರೋ ಊರು ಬಿಡುವಾಗ ಮಾರಿದ್ದು. ಎರಡು ಕಚ್ಚಿನದು,
ಸರಿಯಾಗಿ ನಲವತ್ತೆರಡು. ಆದರೆ ಅರ್ಧ ಟೆರಾಬೈಟು.
ಈ ಬಾಯಲ್ಲಿ ಇದು ನಿಧಾನ ಕೂಡ, ಅಂತ ಮೊದಲೇ ಹೇಳಿದೆ.
ನಕ್ಕರು. "ಹೊಸ ತಂತಿ ಶ್ರುತಿಯಲ್ಲಿ ನಿಲ್ಲಲು
ವಾರಗಟ್ಟಲೆ ಬೇಕು. ನನ್ನನ್ನು ಅವಸರ ಮಾಡಬೇಡ."

ಓರೆಯಾಗಿ ಹಿಡಿದು, ಚಿನ್ನದ ಹಲ್ಲು ಕಾಣದಾಗುವವರೆಗೆ ಒತ್ತಿ,
ಮೇಲೇಳುವ ಬೆನ್ನನ್ನು ಕಿರುಬೆರಳಲ್ಲಿ ಅದುಮಿ, ಸ್ಕ್ರೂ.
ಯಂತ್ರ ಒಂದು ಕ್ಷಣ ಯೋಚಿಸಿತು. ಹೌದು, ಕಂಡಿದೆ ಅಂದಿತು.

ಪರೀಕ್ಷೆಗೆ ಯಾವುದೋ ಒಂದು ಫೈಲು ಕಾಪಿ ಮಾಡಿ ಒತ್ತಿದೆ.
ಹೆಸರು: ಡಬ್ಬಿಮನೆ, ಆರನೇ ಸಾಲು, ೧೯೯೬, ಮುಂಚೆ.
ಕ್ಯಾಸೆಟ್ಟಿನಿಂದ ಏರಿಸಿದ್ದು. ಕೀರಲು. ಜಾರಿದ ಷಡ್ಜ.
ಹಿಂದೆ ಕೆಟಲು ಕೂಗುತ್ತಿದೆ, ಒಂದು ಗಂಡುದನಿ:
ಬಾಗಿಲು ಹಾಕೇ, ಮಗು ಇದೆ.

ಆರನೇ ಸಾಲಿನಲ್ಲಿ ಪಿಯಾನೋ ಇದ್ದದ್ದು ಒಂದೇ ಮನೆಯಲ್ಲಿ.
ಬಾಗಿಲಲ್ಲಿ ಹಿಡಿಸಲಿಲ್ಲ ಅಂತ ಅಪ್ಪ
ಗೋಡೆಯ ತಗಡನ್ನೇ ಕೊಯ್ದು, ಒಳಗೆ ತಳ್ಳಿ,
ಮತ್ತೆ ಬೆಸೆದಿದ್ದನಂತೆ. ಪಿಯಾನೋ ನನಗೆ ನೆನಪಿಲ್ಲ,
ಮುಂದಿನ ಚಳಿಗಾಲ ಹಿಟ್ಟಿಗೆ ಹೋಯಿತು.
ಬೆಸುಗೆಯ ಗೆರೆ ಗೊತ್ತು. ನನ್ನ ಮೇಜಿನ ಹಿಂದೆಯೇ ಇದೆ,
ಅಲ್ಲಿಂದ ಗಾಳಿ ನುಗ್ಗುತ್ತದೆ ಅಂತ ಕಾರ್ಟನ್ ಒತ್ತಿಟ್ಟಿದ್ದೇನೆ.

ಹಮಾಯಕ್ ಗೋಡೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.
"ಆದಮೇಲಿನದೂ ಇದೆ," ಅಂದರು. "ಹಾಕಲೇ?"

ಬೇಡ, ಅಂದೆ. ಉಳಿದದ್ದು ಕಾಪಿ ಆಗಲಿ.
ಪರದೆಯ ಮೇಲೆ ಮೂರು ಗಂಟೆ ಹತ್ತು ನಿಮಿಷ.
ಒಲೆಗೆ ಇನ್ನೊಂದು ಕಟ್ಟಿಗೆ ಹಾಕಿದೆ.